ಮುಗಿಯದ ಚಿತ್ರ ಮತ್ತು ಮೊದಲ ಪ್ರೇಕ್ಷಕ: ಹೈದರಾಬಾದಿನ ನೆಲೆಯಿಂದ ಒಂದು ವಿಚಾರ

ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನೇ ಕಾಣಲಾರದು. ಅಂತೆಯೇ ಕವಿಯು ತನ್ನ ದೋಷವನ್ನು ತಾನೇ ಕಾಣಲಾರನು ಎಂಬ ಆಶಯದ ಪದ್ಯವೊಂದು 9ನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿದೆ. ಕೃತಿಯು ಲೋಕಕ್ಕೆ ಸಲ್ಲುವ ಮುನ್ನ ಅದನ್ನು ಬೇರೆಯ ಕಣ್ಣುಗಳಿಗೆ ಒಪ್ಪಿಸಬೇಕೆಂಬ ವಿವೇಕವನ್ನು ನಾವು ಇದರಿಂದ ಪಡೆಯಬಹುದು. ಕಾವ್ಯವನ್ನು ಕುರಿತ ಈ ಮಾತನ್ನು ಸಿದ್ಧಗೊಳ್ಳುತ್ತಿರುವ ವಿದ್ಯಾರ್ಥಿ ಚಲನಚಿತ್ರಕ್ಕೆ ಅನ್ವಯಿಸಿದಾಗ ಕೆಲವು ಪ್ರಶ್ನೆಗಳು ಏಳುತ್ತವೆ. ಆ ಬೇರೆಯ ಕಣ್ಣು ಯಾರದು? ಚಿತ್ರದ ಭಾಷೆಯನ್ನು ಬಲ್ಲವರದೋ, ಅರಿಯದವರದೋ? ಅವರ ಮಾತನ್ನು ತೀರ್ಪೆಂದು ಭಾವಿಸಬೇಕೋ, ಸಾಕ್ಷ್ಯವೆಂದು ಭಾವಿಸಬೇಕೋ?

ಹೈದರಾಬಾದಿನಲ್ಲಿ ಈ ಪ್ರಶ್ನೆಗಳಿಗೆ ವಿಶೇಷ ಅರ್ಥವಿದೆ. ಇಲ್ಲಿನ ಕೇಂದ್ರೀಯ ವಿಶ್ವವಿದ್ಯಾಲಯದ ಸಂವಹನ ವಿಭಾಗದಲ್ಲಿಯೂ 2011ರಲ್ಲಿ ಆರಂಭವಾದ ಅನ್ನಪೂರ್ಣ ಚಲನಚಿತ್ರ ಶಿಕ್ಷಣ ಸಂಸ್ಥೆಯಲ್ಲಿಯೂ ಚಿತ್ರನಿರ್ಮಾಣದ ಕಲಿಕೆಗೆ ಅವಕಾಶವಿದೆ. ಇಂತಹ ಕಡೆ ಕನ್ನಡದಲ್ಲಿ ಚಿತ್ರ ಮಾಡಹೊರಟ ವಿದ್ಯಾರ್ಥಿಯ ಮೊದಲ ಪ್ರೇಕ್ಷಕರು ಬಹುಮಟ್ಟಿಗೆ ಕನ್ನಡೇತರರೇ ಆಗಿರುತ್ತಾರೆ. ಆದರೆ ಈ ನಗರ ಕನ್ನಡಕ್ಕೆ ಪರಕೀಯವಲ್ಲ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ಸಂಸ್ಥಾನ ಮತ್ತು ರಾಜ್ಯದ ಭಾಗವಾಗಿದ್ದವು. ಕಾಚಿಗುಡದ ಸುತ್ತ ಕನ್ನಡಿಗರ ಬಹುಕಾಲದ ನೆಲೆಯಿದೆ. ಭಾಷೆಯನ್ನು ಬಲ್ಲವನನ್ನೂ ಅರಿಯದವನನ್ನೂ ಒಂದೇ ಪರದೆಯ ಮುಂದೆ ಕೂರಿಸುವ ಅವಕಾಶ ಇಲ್ಲಿ ಸಹಜವಾಗಿಯೇ ಒದಗಿದೆ.

ಕನ್ನಡದ ಹೊರಗೆ ಕಲಿತು ಕನ್ನಡಕ್ಕೆ ಚಿತ್ರ ಕೊಟ್ಟವರ ಪರಂಪರೆ ಹೊಸದಲ್ಲ. ಗಿರೀಶ ಕಾಸರವಳ್ಳಿಯವರು ಮಣಿಪಾಲದಲ್ಲಿ ಔಷಧಶಾಸ್ತ್ರವನ್ನು ಓದಿ, ವೃತ್ತಿ ತರಬೇತಿಗೆಂದು ಬಂದದ್ದು ಹೈದರಾಬಾದಿಗೇ. ಆ ವೃತ್ತಿಯನ್ನು ಅರ್ಧಕ್ಕೆ ಬಿಟ್ಟು ಅವರು ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರು ಮಾಡಿದ ‘ಅವಶೇಷ್’ ಎಂಬ ವಿದ್ಯಾರ್ಥಿ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು. 1977ರ ‘ಘಟಶ್ರಾದ್ಧ’ ಸ್ವರ್ಣಕಮಲವನ್ನು ಪಡೆಯಿತು. ಅದೇ ಸಂಸ್ಥೆಯಲ್ಲಿ ಚಿದಾನಂದ ನಾಯ್ಕರು ಕನ್ನಡದಲ್ಲಿಯೇ ನಿರ್ದೇಶಿಸಿದ, ಸುಮಾರು 16 ನಿಮಿಷಗಳ ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’ ಎಂಬ ಅರ್ಥದ ಶೀರ್ಷಿಕೆಯುಳ್ಳ ಚಿತ್ರಕ್ಕೆ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ದೊರೆಯಿತು.

ಈ ಎರಡನೆಯ ಚಿತ್ರ ನಮ್ಮ ವಿಚಾರಕ್ಕೆ ಹೆಚ್ಚು ಪ್ರಸ್ತುತವಾಗಿದೆ. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ. ಊರಿಗೆ ಬೆಳಗಾಗುವುದು ನಿಂತುಹೋಗುತ್ತದೆ. ತನ್ನ ಹುಂಜ ಕೂಗಿದರೇ ಬೆಳಗಾಗುವುದೆಂದು ನಂಬಿದ ಅಜ್ಜಿಯ ಕಥೆಯನ್ನು ಕನ್ನಡಿಗರು ಬಾಲ್ಯದಲ್ಲಿಯೇ ಕೇಳಿರುತ್ತಾರೆ. ಆದ್ದರಿಂದ ಕತ್ತಲೆಗೂ ಹುಂಜಕ್ಕೂ ಇರುವ ಸಂಬಂಧವನ್ನು ಕನ್ನಡ ಪ್ರೇಕ್ಷಕ ನೆನಪಿನಿಂದಲೇ ತುಂಬಿಕೊಳ್ಳುತ್ತಾನೆ. ಚಿತ್ರದೊಳಗೆ ಆ ಸಂಬಂಧ ಸಿದ್ಧವಾಗಿದೆಯೇ ಎಂಬುದು ಅವನಿಗೆ ಗೊತ್ತಾಗದೆ ಹೋಗಬಹುದು. ಕಥೆಯನ್ನು ಕೇಳದವನು ಮಾತ್ರ ಅದನ್ನು ಹೇಳಬಲ್ಲ. ಇದಕ್ಕೆ ವಿರುದ್ಧವಾಗಿ, ಮುದುಕಿಯ ಮಾತಿನಲ್ಲಿ ಹಟವೆಷ್ಟು, ಅಳಲೆಷ್ಟು ಎಂಬುದು ಅಡಿಬರಹವನ್ನು ಓದುವವನಿಗೆ ದಕ್ಕುವುದು ಕಷ್ಟ. ಅದು ಭಾಷೆ ಬಲ್ಲವನ ಕಿವಿಗೆ ಸೇರಿದ್ದು. ದೃಶ್ಯದ ಪರೀಕ್ಷೆಗೆ ಒಬ್ಬ, ನುಡಿಯ ಪರೀಕ್ಷೆಗೆ ಮತ್ತೊಬ್ಬ ಬೇಕಾಗುತ್ತದೆ.

ಹೈದರಾಬಾದಿನಲ್ಲಿ ಈ ವಿಭಜನೆ ಇನ್ನಷ್ಟು ಸಂಕೀರ್ಣಗೊಳ್ಳುತ್ತದೆ. ಬೀದರದ ಕಡೆಯ ವಿದ್ಯಾರ್ಥಿಯೊಬ್ಬ ತನ್ನೂರಿನ ಮಾತಿನಲ್ಲಿಯೇ ಕಿರುಚಿತ್ರವನ್ನು ಮಾಡಿ, ಮೊದಲ ಸಂಕಲನವನ್ನು ಸಹಪಾಠಿಗಳಿಗೆ ತೋರಿಸುತ್ತಾನೆಂದು ಭಾವಿಸೋಣ. ‘ಖರೆ’, ‘ಜಲ್ದಿ’ ಎಂಬಂತಹ ಮಾತುಗಳು ಬಂದಾಗ ದಖನಿ ಉರ್ದು ಆಡುವ ಗೆಳೆಯನಿಗೆ ಅಡಿಬರಹದ ಅಗತ್ಯವೇ ಬೀಳದಿರಬಹುದು. ಮೈಸೂರು ಸೀಮೆಯ ಕನ್ನಡಿಗನೇ ಅರೆಕ್ಷಣ ತಡೆದು ನಿಲ್ಲಬಹುದು. ಆಗ ‘ಈ ಭಾಷೆ ಎಲ್ಲರಿಗೂ ತಿಳಿಯುವುದಿಲ್ಲ, ಶಿಷ್ಟಗೊಳಿಸಿ’ ಎಂಬ ಸಲಹೆ ಬಂದೀತು. ಆ ಸಲಹೆಯನ್ನು ಹಾಗೆಯೇ ಪಾಲಿಸಿದರೆ ಚಿತ್ರಕ್ಕೆ ನೆಲೆ ಒದಗಿಸಿದ ನುಡಿಯೇ ಅಳಿಯುತ್ತದೆ. ಹೊರನಾಡಿನ ಕನ್ನಡ ಚಿತ್ರಕ್ಕೆ ಇರುವ ನಿಜವಾದ ಅಪಾಯ ಇದು. ಅರ್ಥವಾಗಬೇಕೆಂಬ ಒತ್ತಡದಲ್ಲಿ ವಿದ್ಯಾರ್ಥಿಯು ಸಂಭಾಷಣೆಗೆ ವಿವರಣೆಯನ್ನು ಸೇರಿಸುತ್ತಾನೆ. ಮನೆಯಲ್ಲಿ ಯಾರೂ ಯಾರಿಗೂ ಹೇಳದ ಸಂಗತಿಯನ್ನು ಪಾತ್ರಗಳು ಪರಸ್ಪರ ಹೇಳತೊಡಗುತ್ತವೆ.

ಹಾಗೆಂದು ಸಲಹೆಯನ್ನು ಕಡೆಗಣಿಸಬೇಕೆಂದು ಅರ್ಥವಲ್ಲ. ಪ್ರೇಕ್ಷಕನ ಅನುಭವವನ್ನೂ ಅವನು ಸೂಚಿಸುವ ಪರಿಹಾರವನ್ನೂ ಬೇರ್ಪಡಿಸಿ ನೋಡಬೇಕೆಂಬುದು ನಮ್ಮ ವಾದ. ‘ಇಲ್ಲಿ ನನಗೆ ಬೇಸರವಾಯಿತು’ ಎಂಬುದು ಅನುಭವ. ಅದನ್ನು ಅಲ್ಲಗಳೆಯುವ ಅಧಿಕಾರ ನಿರ್ದೇಶಕನಿಗಿಲ್ಲ. ‘ಈ ದೃಶ್ಯವನ್ನು ಕತ್ತರಿಸಿ’ ಎಂಬುದು ಪರಿಹಾರ, ಅದು ತಪ್ಪಾಗಿರಬಹುದು. ಐದನೆಯ ನಿಮಿಷದ ದೃಶ್ಯ ದೀರ್ಘವೆನಿಸಿದ್ದರೆ, ಅಲ್ಲಿ ಕುಳಿತ ಹೆಂಗಸು ನಾಯಕನಿಗೆ ತಾಯಿಯೋ ಅತ್ತೆಯೋ ಎಂಬುದು ಎರಡನೆಯ ನಿಮಿಷದಲ್ಲಿ ಸ್ಪಷ್ಟವಾಗದೆ ಇದ್ದದ್ದೇ ಕಾರಣವಿರಬಹುದು. ಬೇನೆ ಕಾಣಿಸಿಕೊಂಡ ಜಾಗ ಒಂದಾದರೆ ಅದರ ಮೂಲ ಇನ್ನೊಂದು.

ಆದ್ದರಿಂದ ಕೇಳುವ ವಿಧಾನವೂ ಮುಖ್ಯ. ‘ಹೇಗಿದೆ?’ ಎಂಬ ಪ್ರಶ್ನೆಗೆ ಸಿಗುವುದು ಸೌಜನ್ಯದ ಉತ್ತರ. ‘ಕಂಡ ಕಥೆಯನ್ನು ನಿಮ್ಮ ಮಾತಿನಲ್ಲಿ ಹೇಳಿ’ ಎಂದರೆ, ನಿರ್ದೇಶಕ ಮಾಡಿದೆನೆಂದುಕೊಂಡ ಚಿತ್ರಕ್ಕೂ ಪರದೆಯ ಮೇಲಿರುವ ಚಿತ್ರಕ್ಕೂ ನಡುವಿನ ಅಂತರ ಹೊರಬೀಳುತ್ತದೆ. ಪ್ರದರ್ಶನಕ್ಕೆ ಮೊದಲು ವಿವರಣೆ ನೀಡುವುದು ಈ ಪರೀಕ್ಷೆಯನ್ನೇ ಕೆಡಿಸುತ್ತದೆ. ಕನ್ನಡೇತರರಿಗೆ ಮೊದಲು ಅಡಿಬರಹವಿಲ್ಲದೆ, ಅನಂತರ ಅಡಿಬರಹದೊಡನೆ ತೋರಿಸುವುದು ಲೇಸು. ಚಿತ್ರಿಕೆಗಳು ತಾವಾಗಿಯೇ ಎಷ್ಟನ್ನು ಹೇಳುತ್ತವೆಂಬುದು ಆಗ ತಿಳಿಯುತ್ತದೆ. ಸಮಯದ ಔಚಿತ್ಯವೂ ಉಂಟು. ದೃಶ್ಯಗಳ ಅನುಕ್ರಮವನ್ನು ಕುರಿತ ಮಾತು ಸಂಕಲನ ಸ್ಥಿರಗೊಳ್ಳುವ ಮುನ್ನ ಬರಬೇಕು. ಧ್ವನಿಮಿಶ್ರಣದ ಹೊತ್ತಿಗೆ ಬಂದರೆ ಅದು ಕೇವಲ ಮನಸ್ತಾಪವನ್ನು ಉಳಿಸುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಹತ್ತು ಜನರ ಮಾತಿಗೆ ಕಿವಿಗೊಟ್ಟ ಚಿತ್ರ ಯಾರದೂ ಆಗದೆ ಉಳಿಯುವುದಿಲ್ಲವೇ? ಈ ಆಕ್ಷೇಪದಲ್ಲಿ ಹುರುಳಿದೆ. ಸಾಕ್ಷ್ಯವನ್ನು ಹತ್ತು ಜನ ನುಡಿದರೂ ನಿರ್ಧಾರದ ಹೊಣೆ ಒಬ್ಬನದೇ ಆಗಿರಬೇಕು. ಆದರೆ ವಿದ್ಯಾಸಂಸ್ಥೆಗಳಲ್ಲಿ ಅದಕ್ಕಿಂತ ಗಂಭೀರವಾದ ತೊಡಕೊಂದಿದೆ. ಅಲ್ಲಿ ಸಲಹೆ ನೀಡುವವರೇ ಅಂಕವನ್ನೂ ನೀಡುವವರು. ಅಧ್ಯಾಪಕರ ಸಂದೇಹವನ್ನು ವಿದ್ಯಾರ್ಥಿಯು ಆಜ್ಞೆಯೆಂದು ಕೇಳಿಸಿಕೊಳ್ಳುತ್ತಾನೆ. ಒಪ್ಪದಿರುವ ಸ್ವಾತಂತ್ರ್ಯ ಇಲ್ಲದ ಕಡೆ ಒಪ್ಪಿಗೆಗೂ ಅರ್ಥವಿರುವುದಿಲ್ಲ. ಕಚ್ಚಾ ಸಂಕಲನದ ಚರ್ಚೆಯನ್ನು ಮೌಲ್ಯಮಾಪನದಿಂದ ಪ್ರತ್ಯೇಕಿಸುವುದು ಆದ್ದರಿಂದ ಅವಶ್ಯಕ.

ನೀನಾಸಂ ಚಿತ್ರಸಮಾಜದಂತಹ ಪ್ರಯತ್ನಗಳು ಮುಗಿದ ಚಿತ್ರವನ್ನು ನೋಡುವ, ಅದರ ಬಗ್ಗೆ ಮಾತನಾಡುವ ಸಂಸ್ಕಾರವನ್ನು ಕನ್ನಡಕ್ಕೆ ತಂದುಕೊಟ್ಟಿವೆ. ಮುಗಿಯದ ಚಿತ್ರದ ಮುಂದೆ ಕುಳಿತು ಆಡಬೇಕಾದ ಮಾತಿನ ಪರಿಭಾಷೆ ಮಾತ್ರ ನಮ್ಮ ವಿಮರ್ಶೆಯಲ್ಲಿ ಇನ್ನೂ ಬೆಳೆಯಬೇಕಾಗಿದೆ. ಹೊರನಾಡಿನ ಕನ್ನಡ ಅಧ್ಯಯನ ಕೇಂದ್ರಗಳು ಇದರಲ್ಲಿ ಪಾಲುಗೊಳ್ಳಬಹುದು. ತಮ್ಮ ನಗರದ ಚಿತ್ರವಿದ್ಯಾರ್ಥಿಗೆ ಭಾಷೆ ಬಲ್ಲ ಕೆಲವು ಕಿವಿಗಳನ್ನು ಒದಗಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ಅಡಿಬರಹವನ್ನು ತಿದ್ದಿಕೊಡುವುದರಿಂದ ಆರಂಭಿಸಿದರೂ ಸಾಕು. ತನ್ನೂರಿನ ಮಾತನ್ನು ಹಾಗೆಯೇ ಉಳಿಸಿಕೊಳ್ಳುವ ಧೈರ್ಯ ಆ ವಿದ್ಯಾರ್ಥಿಗೆ ಅದರಿಂದ ದೊರೆಯುವ ಸಂಭವವಿದೆ.