ಪಟ್ಟದ ವರ್ಷ, ಗೆಲುವಿನ ತೂಕ

ಯೂರೋಪಿನ ಹೆವಿವೇಟ್ ಬಾಕ್ಸರ್‌ಗಳಲ್ಲಿ ಯಾರು ದೊಡ್ಡವರು ಎಂಬ ಚರ್ಚೆ ಎದ್ದಾಗ ಮೊದಲು ಬರುವುದು ವ್ಲಾಡಿಮಿರ್ ಕ್ಲಿಚ್ಕೊನ ಲೆಕ್ಕ. 2006ರಿಂದ 2015ರವರೆಗೆ ಪಟ್ಟ, ಆ ಅವಧಿಯಲ್ಲಿ ಸತತ 18 ಸಲ ಅದನ್ನು ಉಳಿಸಿಕೊಂಡದ್ದು, ವೃತ್ತಿಯಲ್ಲಿ ಒಟ್ಟು 64 ಗೆಲುವು. ಪಟ್ಟದ ಲೆಕ್ಕದಲ್ಲಿ ಅವನನ್ನು ಮೀರಿಸುವ ಯೂರೋಪಿಯನ್ನರಿಲ್ಲ. ಆದರೂ ನಾನು ಅವನಿಗೆ ಕೊಡುವುದು ಮೂರನೆಯ ಸ್ಥಾನ.

ಕಾರಣ ಅವನ ಎದುರಾಳಿಗಳು, ಅವರನ್ನು ಅವನು ಸೋಲಿಸಿದ ರೀತಿ. ಆ ಕಾಲದಲ್ಲಿ ಅವನಿಗೆ ಸರಿಸಾಟಿಯಾಗಿದ್ದವನು ಒಬ್ಬನೇ, ಅಣ್ಣ ವಿಟಾಲಿ. ಇಬ್ಬರೂ ಪರಸ್ಪರ ಕಾದಾಡುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಇದರಲ್ಲಿ ಯಾರ ತಪ್ಪೂ ಇಲ್ಲ, ಆದರೆ ಆ ಯುಗದ ನಿಜವಾದ ಪಂದ್ಯ ನಡೆಯಲೇ ಇಲ್ಲ. ಕೋರಿ ಸ್ಯಾಂಡರ್ಸ್, ಲೇಮನ್ ಬ್ರೂಸ್ಟರ್ ಕೈಯಲ್ಲಿ ನೆಲಕಚ್ಚಿದ ಮೇಲೆ ಗುರು ಇಮಾನ್ಯುಯೆಲ್ ಸ್ಟೀವರ್ಡ್ ಜೊತೆ ಸೇರಿ ವ್ಲಾಡಿಮಿರ್ ಕಟ್ಟಿಕೊಂಡದ್ದು ಪೆಟ್ಟು ತಿನ್ನದ ಆಟ: ಎಡಗೈಯ ಜ್ಯಾಬ್‌ನಿಂದ ದೂರ ಇಡುವುದು, ಹತ್ತಿರ ಬಂದರೆ ತಬ್ಬಿ ಮೈಭಾರ ಹಾಕುವುದು. 2013ರಲ್ಲಿ ಮಾಸ್ಕೋದಲ್ಲಿ ಪೊವೆಟ್ಕಿನ್‌ನನ್ನು ನಾಲ್ಕು ಸಲ ಕೆಡವಿ ಗೆದ್ದ. ಆದರೂ ಆ ಪಂದ್ಯದಿಂದ ಜನರ ನೆನಪಿನಲ್ಲಿ ಉಳಿದದ್ದು ಆ ತಬ್ಬುವಿಕೆಯೇ. ಕಸುಬುಗಾರಿಕೆ ಎಂದು ಒಪ್ಪುತ್ತೇನೆ, ನೋಡುವ ಖುಷಿ ಮಾತ್ರ ಕಡಿಮೆ.

ಅವನು ನನ್ನ ಪಟ್ಟಿಯಲ್ಲಿ ಇಷ್ಟು ಮೇಲೆ ಇರುವುದಕ್ಕೆ ಸೋತ ಪಂದ್ಯವೊಂದು ಮುಖ್ಯ ಕಾರಣ. 2017ರ ಏಪ್ರಿಲ್‌ನಲ್ಲಿ ವೆಂಬ್ಲಿಯ 90,000 ಜನರ ಮುಂದೆ, 41ರ ವಯಸ್ಸಿನಲ್ಲಿ, ಆಂಥನಿ ಜೋಶುವಾ ಎದುರು ಐದನೇ ಸುತ್ತಿನಲ್ಲಿ ಬಿದ್ದ, ಎದ್ದ, ಆರನೆಯದರಲ್ಲಿ ಜೋಶುವಾನನ್ನೇ ಮಲಗಿಸಿದ. ಹನ್ನೊಂದರಲ್ಲಿ ರೆಫರಿ ಪಂದ್ಯ ನಿಲ್ಲಿಸಿದಾಗ ಸೋತಿದ್ದ. ಹತ್ತು ಸುಲಭ ಗೆಲುವುಗಳಿಗಿಂತ ಆ ರಾತ್ರಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಮೊದಲ ಸ್ಥಾನ ಲೆನಾಕ್ಸ್ ಲೂಯಿಸ್‌ಗೆ. ಹುಟ್ಟಿದ್ದು ಲಂಡನ್ನಿನಲ್ಲಿ, ಬಾಲ್ಯದಲ್ಲೇ ಹೋಗಿ ನೆಲೆಸಿದ್ದು ಕೆನಡಾದಲ್ಲಿ, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದೂ ಕೆನಡಾಕ್ಕೆ. ಯೂರೋಪಿಯನ್ ಹೇಗಾದ ಎಂದು ತಕರಾರು ತೆಗೆಯುವವರಿದ್ದಾರೆ. ವೃತ್ತಿ ಬಾಕ್ಸಿಂಗ್ ಪೂರ್ತಿ ಬ್ರಿಟಿಷನಾಗಿ ಆಡಿದವನನ್ನು ಹೊರಗಿಡಲು ನನಗೆ ಮನಸ್ಸಿಲ್ಲ. ಅವನು ಸೋತದ್ದು ಎರಡೇ ಸಲ, 1994ರಲ್ಲಿ ಮೆಕಾಲ್‌ಗೆ, 2001ರಲ್ಲಿ ರಹಮಾನ್‌ಗೆ. ಎರಡೂ ಒಂದೇ ಪೆಟ್ಟಿನ ಸೋಲು, ಎರಡನ್ನೂ ಮರುಪಂದ್ಯದಲ್ಲಿ ತೀರಿಸಿಕೊಂಡ. 1999ರ ಮಾರ್ಚ್‌ನಲ್ಲಿ ಹೋಲಿಫೀಲ್ಡ್ ಜೊತೆಗಿನ ಪಂದ್ಯವನ್ನು ತೀರ್ಪುಗಾರರು ಡ್ರಾ ಎಂದು ಹಾಳುಗೆಡವಿದರು. ನವೆಂಬರ್‌ನಲ್ಲಿ ಗೆದ್ದು ಎಲ್ಲ ಮುಖ್ಯ ಬೆಲ್ಟ್‌ಗಳನ್ನೂ ಒಂದೆಡೆ ತಂದ. ವೃತ್ತಿಯಲ್ಲಿ ಎದುರಿಗೆ ಬಂದ ಪ್ರತಿಯೊಬ್ಬನನ್ನೂ ಒಮ್ಮೆಯಾದರೂ ಸೋಲಿಸಿದವನು ಅವನು. 2002ರಲ್ಲಿ ಟೈಸನ್ ಮೇಲಿನ ಗೆಲುವಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ, ಟೈಸನ್ ಆಗಲೇ ಮುಗಿದಿದ್ದ. ಲೆನಾಕ್ಸ್ ಮೇಲೆ ನನಗಿರುವ ನಿಜವಾದ ದೂರು ಬೇರೆ. 2003ರಲ್ಲಿ ವಿಟಾಲಿ ಜೊತೆಗಿನ ಪಂದ್ಯ ವಿಟಾಲಿಯ ಕಣ್ಣಿನ ಬಳಿಯ ಗಾಯದಿಂದಾಗಿ ಆರು ಸುತ್ತಿಗೇ ನಿಂತಿತು. ಮೂವರು ತೀರ್ಪುಗಾರರ ಚೀಟಿಯಲ್ಲೂ ವಿಟಾಲಿ 58–56ರಿಂದ ಮುಂದಿದ್ದ. ಮರುಪಂದ್ಯ ಕೊಡದೆ ಲೆನಾಕ್ಸ್ ನಿವೃತ್ತನಾದ.

ಒಲೆಕ್ಸಾಂಡರ್ ಉಸಿಕ್ ಎರಡನೆಯವನು. ಹೆವಿವೇಟ್‌ನಲ್ಲಿ 2025ರ ಜುಲೈವರೆಗೆ ಅವನು ಆಡಿದ್ದು ಎಂಟೇ ಪಂದ್ಯ, ಮೊದಲ ಸ್ಥಾನ ತಪ್ಪಿದ್ದಕ್ಕೆ ಅಷ್ಟೇ ಕಾರಣ. ಆದರೆ ಎಂಥ ಎಂಟು! ಜೋಶುವಾನನ್ನು 2021ರಲ್ಲಿ ಲಂಡನ್ನಿನಲ್ಲೇ ಸೋಲಿಸಿದ. 2024ರ ಮೇನಲ್ಲಿ ರಿಯಾದ್‌ನಲ್ಲಿ, ತನಗಿಂತ ಸುಮಾರು 17 ಕಿಲೋ ಭಾರದ ಟೈಸನ್ ಫ್ಯೂರಿಯನ್ನು ಒಂಬತ್ತನೇ ಸುತ್ತಿನಲ್ಲಿ ಹಗ್ಗದಿಂದ ಹಗ್ಗಕ್ಕೆ ತೂರಾಡಿಸಿದ. ಡಿಸೆಂಬರ್‌ನಲ್ಲಿ ಮತ್ತೆ ಗೆದ್ದ. ದೊಡ್ಡ ಗೆಲುವುಗಳೆಲ್ಲ ಪರಊರಿನಲ್ಲಿ, ಎದುರಾಳಿಯ ಜನರ ಕೂಗಿನ ನಡುವೆ ಅಥವಾ ಮೂರನೆಯವರ ನೆಲದಲ್ಲಿ. ಅವನ ಕಾಲು ನೋಡಬೇಕು. ಪೆಟ್ಟು ಹೊರಡುವ ಮೊದಲೇ ಅವನು ಆ ಜಾಗದಲ್ಲಿ ಇರುವುದಿಲ್ಲ.

ಮ್ಯಾಕ್ಸ್ ಶ್ಮೆಲಿಂಗ್‌ನನ್ನು ಅನೇಕರು ಕೆಳಗಿಳಿಸುತ್ತಾರೆ. 1930ರಲ್ಲಿ ಜ್ಯಾಕ್ ಶಾರ್ಕಿ ಸೊಂಟದ ಕೆಳಗೆ ಹೊಡೆದು ಅನರ್ಹನಾದದ್ದರಿಂದ ನೆಲದ ಮೇಲೆ ಬಿದ್ದುಕೊಂಡೇ ಪಟ್ಟ ಗೆದ್ದವನು, 1938ರಲ್ಲಿ ಜೋ ಲೂಯಿ ಎದುರು 124 ಸೆಕೆಂಡ್‌ಗಳಲ್ಲಿ ಮುಗಿದವನು. ಆದರೆ 1936ರ ಜೂನ್ 19ರ ಯಾಂಕಿ ಸ್ಟೇಡಿಯಂ ಎಲ್ಲಿಗೆ ಹೋಯಿತು? ಸೋಲೇ ಕಾಣದ ಜೋ ಲೂಯಿಯ ಪಂದ್ಯಗಳ ಫಿಲ್ಮ್ ನೋಡಿ, ಜ್ಯಾಬ್ ಹೊಡೆದ ಮೇಲೆ ಅವನ ಎಡಗೈ ಕೆಳಗಿಳಿಯುವುದನ್ನು ಶ್ಮೆಲಿಂಗ್ ಗುರುತಿಸಿದ್ದ. ಆ ಸಂದಿನಲ್ಲೇ ಬಲಗೈ ತೂರಿಸುತ್ತ ನಾಲ್ಕನೇ ಸುತ್ತಿನಲ್ಲಿ ಕೆಡವಿದ, ಹನ್ನೆರಡರಲ್ಲಿ ನಾಕೌಟ್. ಯೂರೋಪಿಯನ್ ಹೆವಿವೇಟ್ ಒಬ್ಬನ ಅತಿ ದೊಡ್ಡ ರಾತ್ರಿ ಯಾವುದೆಂದು ಕೇಳಿದರೆ ನನ್ನ ಉತ್ತರ ಇದೇ. ಒಂದು ರಾತ್ರಿಗಿಂತ ಹೆಚ್ಚು ಸಾಕ್ಷ್ಯ ಬೇಕಲ್ಲ, ಹಾಗಾಗಿ ನಾಲ್ಕನೆಯದು.

ವಿಟಾಲಿ ಐದು. 45 ಗೆಲುವು, 41 ನಾಕೌಟ್. ಎರಡು ಸೋಲೂ ಗಾಯದಿಂದ, ಎರಡರಲ್ಲೂ ಅಂಕದಲ್ಲಿ ಮುಂದಿದ್ದಾಗ. ಫ್ಯೂರಿ ಆರು: ವ್ಲಾಡಿಮಿರ್‌ನ ಆ ದೀರ್ಘ ಪಟ್ಟವನ್ನು 2015ರಲ್ಲಿ ಡ್ಯುಸೆಲ್‌ಡಾರ್ಫ್‌ನಲ್ಲಿ ಕಿತ್ತುಕೊಂಡವನು ಅವನೇ. 1959ರಲ್ಲಿ ಪ್ಯಾಟರ್ಸನ್‌ನನ್ನು ಮೂರನೇ ಸುತ್ತಿನಲ್ಲಿ ಏಳು ಸಲ ಕೆಡವಿದ ಸ್ವೀಡನ್ನಿನ ಇಂಗೆಮಾರ್ ಯೋಹಾನ್ಸನ್ ನಂತರದ ಎರಡೂ ಪಂದ್ಯಗಳಲ್ಲಿ ಅವನಿಗೇ ಸೋತ, ಏಳನೆಯವನು.

ಪಟ್ಟಿ ಇಲ್ಲಿಗೆ ನಿಲ್ಲಿಸುತ್ತೇನೆ, ಆದರೆ ಇದರಲ್ಲಿ ಒಂದು ಕಂದಕವಿದೆ. ಕ್ಯೂಬಾದ ತಿಯೊಫಿಲೊ ಸ್ಟೀವನ್‌ಸನ್‌ನನ್ನು ಎರಡು ಸಲ ಸೋಲಿಸಿದ ಇಗೋರ್ ವಿಸೋಟ್ಸ್ಕಿಗೆ ವೃತ್ತಿ ರಿಂಗ್ ಏರಲು ಸೋವಿಯತ್ ಒಕ್ಕೂಟದ ವ್ಯವಸ್ಥೆಯಲ್ಲಿ ದಾರಿಯೇ ಇರಲಿಲ್ಲ. ಕ್ಲಿಚ್ಕೊ ಸಹೋದರರಿಗೂ ಉಸಿಕ್‌ಗೂ ತೆರೆದ ಬಾಗಿಲು ಅವನ ಕಾಲಕ್ಕೆ ಮುಚ್ಚಿತ್ತು.