ದಡದವರೆಗಿನ ದಯೆ

ಐಸಾಕ್ ವಾಲ್ಟನ್ (1593–1683) ಲಂಡನ್ನಿನಲ್ಲಿ ಬಟ್ಟೆ ವ್ಯಾಪಾರ ಮಾಡಿ ನಿವೃತ್ತನಾದವನು. ಅಂತರ್ಯುದ್ಧದಿಂದ ದೇಶವೇ ಕಲಕಿಹೋಗಿದ್ದ ಕಾಲದಲ್ಲಿ, ಅರುವತ್ತರ ಹೊಸ್ತಿಲಲ್ಲಿ ನಿಂತು, 1653ರಲ್ಲಿ ‘ದಿ ಕಂಪ್ಲೀಟ್ ಆಂಗ್ಲರ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಗಾಳ ಹಾಕುವವನೊಬ್ಬನು ಲೀ ನದಿಯ ದಡದಲ್ಲಿ ನಡೆಯುತ್ತ ಬೇಟೆಗಾರನೊಬ್ಬನಿಗೆ ಮೀನು ಹಿಡಿಯುವ ವಿದ್ಯೆಯನ್ನು ಬೋಧಿಸುವ ಸಂವಾದವಿದು. ಅಹಿಂಸೆಯನ್ನು ಪರಮಧರ್ಮವೆಂದು ಬಗೆದವರು ಇದನ್ನೇಕೆ ಓದಬೇಕು? ಸಜ್ಜನನೊಬ್ಬನ ಮನಸ್ಸಿನಲ್ಲಿ ದಯೆ ಎಲ್ಲಿಯವರೆಗೆ ಹರಿದು ಎಲ್ಲಿ ನಿಲ್ಲುತ್ತದೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಗ್ರಂಥ ವಿರಳ.

ವಾಲ್ಟನ್ ಸಜ್ಜನನೆಂಬುದರಲ್ಲಿ ಸಂಶಯವಿಲ್ಲ. ಮೇ ತಿಂಗಳ ಮಳೆ, ಹಕ್ಕಿಗಳ ಹಾಡು, ಗೋಡೆಗೆ ಲಾವಣಿಗಳನ್ನು ಅಂಟಿಸಿದ ಹಳ್ಳಿಯ ವಸತಿಗೃಹ ಇವೆಲ್ಲ ಅವನ ಪುಟಗಳಲ್ಲಿ ಪ್ರೀತಿಯಿಂದ ಮೂಡಿವೆ. ಹಿಡಿದ ಮೀನನ್ನು ಅವನ ಗಾಳಗಾರನು ಹಾಲು ಕರೆಯುವ ಹೆಂಗಸರಿಗೆ ಕೊಟ್ಟುಬಿಡುತ್ತಾನೆ. ಅವನು ಮನಸಾರೆ ದ್ವೇಷಿಸುವುದು ನೀರುನಾಯಿಯನ್ನು; ಅದಾದರೂ, ಅದು ಮೀನುಗಳನ್ನು ಕೊಲ್ಲುತ್ತದೆಂಬ ಕಾರಣಕ್ಕೆ!

ಪೈಕ್ ಮೀನಿನ ಅಧ್ಯಾಯಕ್ಕೆ ಬಂದಾಗ ಓದುಗನು ತಡೆದು ನಿಲ್ಲಬೇಕಾಗುತ್ತದೆ. ಅಲ್ಲಿ ಜೀವಂತ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸುವ ಕ್ರಮವಿದೆ. ಕೊಕ್ಕೆಯನ್ನು ಬಾಯಿಯಿಂದ ಹೊಗಿಸಿ ಹೊರತೆಗೆದು, ಸೂಜಿ ಮತ್ತು ರೇಷ್ಮೆಯ ದಾರದಿಂದ ಕಾಲನ್ನು ಅದಕ್ಕೆ ಹೊಲಿಯಬೇಕು. ಇದನ್ನು ವಿವರಿಸುತ್ತಲೇ, ಕಪ್ಪೆಯ ಮೇಲೆ ಪ್ರೀತಿಯಿದೆಯೋ ಎಂಬಂತೆ ನಡೆದುಕೊಳ್ಳಬೇಕೆಂದು ಅವನು ಉಪದೇಶಿಸುತ್ತಾನೆ. ಕಡಿಮೆ ಗಾಯಗೊಂಡ ಕಪ್ಪೆ ಹೆಚ್ಚು ಹೊತ್ತು ಬದುಕಿರುತ್ತದಲ್ಲವೆ? ಇದು ಮುಗ್ಧತೆಯೆಂದು ನಕ್ಕು ಮುಂದೆ ಸಾಗಬಹುದಾದ ಮಾತಲ್ಲ. ಕೈಯ ಮೃದುತ್ವವೂ ಇಲ್ಲಿ ಕೊಕ್ಕೆ, ದಾರಗಳಂತೆ ಒಂದು ಸಾಧನವಾಗಿದೆ.

ಕವಿ ಬೈರನ್ ‘ಡಾನ್ ಜುವಾನ್’ ಕಾವ್ಯದ ಹದಿಮೂರನೆಯ ಸರ್ಗದಲ್ಲಿ (1823) ವಾಲ್ಟನ್ನನನ್ನು ಕ್ರೂರಿಯೆಂದು ಜರೆದು, ಅವನ ಗಂಟಲಿಗೇ ಕೊಕ್ಕೆ ಸಿಕ್ಕಿ ಪುಟ್ಟ ಮೀನೊಂದು ಅದನ್ನು ಎಳೆಯಬೇಕೆಂದು ಬಯಸಿದನು. ಅಹಿಂಸಾವ್ರತಿಯು ಆ ಬಯಕೆಯಲ್ಲಿ ಪಾಲುಗೊಳ್ಳಲಾರನು.

ವಾಲ್ಟನ್ನನ ಕಾಲದಲ್ಲಿ ಮೀನು ಕೊನೆಗೆ ಯಾರದೋ ಊಟವಾಗುತ್ತಿತ್ತು. ಇಂದಿನ ಇಂಗ್ಲೆಂಡಿನಲ್ಲಿ ಆ ನೆಪವೂ ಬಹುಮಟ್ಟಿಗೆ ಉಳಿದಿಲ್ಲ. ಸಾಲ್ಮನ್, ಟ್ರೌಟ್‌ಗಳನ್ನು ಮೇಲುದರ್ಜೆಯವೆಂದು ಬೇರೆ ಇಟ್ಟು, ಕಾರ್ಪ್, ಟೆಂಚ್, ರೋಚ್ ಮೊದಲಾದ ಸಿಹಿನೀರಿನ ಮೀನುಗಳನ್ನು ‘ಕೋರ್ಸ್’, ಎಂದರೆ ಒರಟು ಜಾತಿ, ಎಂದು ಕರೆಯುವುದು ಅಲ್ಲಿನ ರೂಢಿ. ಬೇಸಗೆಯಲ್ಲಿ ಟೆಂಚ್, ಚಳಿಗಾಲದಲ್ಲಿ ಪೈಕ್ ಎಂದು ಋತುವಿಗೊಂದು ಮೀನನ್ನು ಅರಸುತ್ತಾರೆ. ಹಿಡಿದದ್ದನ್ನು ತೂಗಿ ನೀರಿಗೆ ಮರಳಿಸುತ್ತಾರೆ. ಮೊಟ್ಟೆಯಿಡುವ ಕಾಲದಲ್ಲಿ, ಮಾರ್ಚ್ 15ರಿಂದ ಜೂನ್ 15ರವರೆಗೆ, ನದಿಗಳಲ್ಲಿ ಈ ಮೀನುಗಳಿಗೆ ಗಾಳ ಹಾಕುವಂತಿಲ್ಲ. 1878ರ ಕಾಯಿದೆಯಿಂದ ಬಂದ ಬಿಡುವು ಇದು. ಪ್ರಾಣಹಾನಿ ಕಡಿಮೆಯಾಗಿದೆಯೆಂಬುದನ್ನು ಒಪ್ಪಲೇಬೇಕು. ಆದರೆ ಹಸಿವೂ ಇಲ್ಲದೆ, ಜೀವನೋಪಾಯವೂ ಅಲ್ಲದೆ, ಕೇವಲ ವಿನೋದಕ್ಕಾಗಿ ಕೊಡುವ ನೋವಿಗೆ ಶ್ರಾವಕಾಚಾರದಲ್ಲಿ ಅನರ್ಥದಂಡವೆಂಬ ಹೆಸರಿದೆ. ನೋವು ನಿಜವೇ ಎಂದು ಕೇಳುವವರುಂಟು. 2003ರಲ್ಲಿ ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯ ಸಂಶೋಧಕರು ಟ್ರೌಟ್ ಮೀನಿನ ತಲೆಯಲ್ಲಿ ನೋವಿಗೆ ಸ್ಪಂದಿಸುವ ನರತಂತುಗಳನ್ನು ಗುರುತಿಸಿದರು. ತುಟಿಗೆ ಆಮ್ಲ ಚುಚ್ಚಿದಾಗ ಮೀನುಗಳು ಬಾಯಿಯನ್ನು ಜಲ್ಲಿಗೆ ಉಜ್ಜಿಕೊಂಡವು. (ಆ ಪ್ರಯೋಗವೂ ಹಿಂಸೆಯೇ ಎಂಬುದು ಬೇರೆ ಮಾತು.)

ಮೃಗಸೇನ ಧೀವರನ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲೆನೆಂದು ಮುನಿಗಳಲ್ಲಿ ವ್ರತ ತೊಟ್ಟ ಅವನು, ಗುರುತಿಟ್ಟು ಬಿಟ್ಟ ಅದೇ ಮೀನು ಐದು ಸಲ ಸಿಕ್ಕಾಗಲೂ ಬಿಟ್ಟುಕೊಟ್ಟು, ಬರಿಗೈಯಲ್ಲಿ ಮನೆಗೆ ಹೋದನು. ಹೆಂಡತಿ ಬಾಗಿಲು ಹಾಕಿಕೊಂಡಳು. ಮೀನು ಹಿಡಿಯುವುದೇ ಅವನ ಜೀವನವಾಗಿತ್ತು. ಇಂಗ್ಲೆಂಡಿನ ಕೆರೆಯೊಂದರಲ್ಲಿದ್ದ ಬೆನ್ಸನ್ ಎಂಬ ಹೆಸರಿನ ಕಾರ್ಪ್ ಮೀನು ಅರುವತ್ತಕ್ಕೂ ಹೆಚ್ಚು ಸಲ ಗಾಳಕ್ಕೆ ಸಿಕ್ಕಿ, ಅಷ್ಟೂ ಸಲ ನೀರಿಗೆ ಮರಳಿತು. 2009ರಲ್ಲಿ ಅದು ಸತ್ತಾಗ ಗಾಳಗಾರರು ಶೋಕಿಸಿದರು. ಪತ್ರಿಕೆಗಳು ಅದರ ಮರಣವಾರ್ತೆಯನ್ನು ಅಚ್ಚುಮಾಡಿದವು.