ಹಾಡು ಆಲಿಸುವ ಮಿದುಳು ಮತ್ತು ಈಸ್ಟ್ರೊಜೆನ್

ಈಸ್ಟ್ರೊಜೆನ್ ಎಂದೊಡನೆ 'ಸ್ತ್ರೀ ಹಾರ್ಮೋನು' ಎಂದು ಓದಿಕೊಂಡವರು ನಾವೆಲ್ಲ. ಅದು ಅಂಡಾಶಯದಲ್ಲಿ ತಯಾರಾಗಿ, ರಕ್ತದಲ್ಲಿ ಹರಿದು, ನಿಧಾನವಾಗಿ ಕೆಲಸ ಮಾಡುತ್ತದೆ ಎಂಬುದೂ ಆ ಪಾಠದ ಭಾಗವೇ. ಈಗ ಆಸ್ಟ್ರೇಲಿಯದ ಜೀಬ್ರಾ ಫಿಂಚ್ ಹಕ್ಕಿಯನ್ನು ಗಮನಿಸಿ. ಇದರಲ್ಲಿ ಹಾಡುವುದು ಗಂಡು ಮಾತ್ರ. ಆ ಗಂಡಿನ ಮಿದುಳೇ ಅರೊಮಟೇಸ್ ಎಂಬ ಕಿಣ್ವದ ನೆರವಿನಿಂದ ಟೆಸ್ಟೊಸ್ಟೆರಾನನ್ನು ಈಸ್ಟ್ರಡೈಯಾಲ್ ಎಂಬ ಈಸ್ಟ್ರೊಜೆನ್ ಆಗಿ ಮಾರ್ಪಡಿಸುತ್ತದೆ. ಕೇಳಿದ ಹಾಡನ್ನು ವಿಶ್ಲೇಷಿಸುವ, ಎನ್‌ಸಿಎಂ ಎಂಬ ಮುಮ್ಮಿದುಳಿನ ಭಾಗದಲ್ಲಿ ಈ ಕಿಣ್ವ ಹೇರಳವಾಗಿದೆ.

2008ರಲ್ಲಿ ಲ್ಯೂಕ್ ರಮೇಜ್-ಹೀಲಿ, ಬಾರ್ನಿ ಶ್ಲಿಂಗರ್ ಮತ್ತು ಸಂಗಡಿಗರು ಆ ಭಾಗಕ್ಕೆ ಸೂಕ್ಷ್ಮ ನಳಿಕೆ ಇಳಿಸಿ ದ್ರವ ಸಂಗ್ರಹಿಸಿದರು. ಹೆಣ್ಣಿನ ಒಡನಾಟದಲ್ಲಿ ಗಂಡಿನ ಮಿದುಳಿನ ಈಸ್ಟ್ರಡೈಯಾಲ್ ಅರ್ಧ ಗಂಟೆಯೊಳಗೇ ಏರಿತ್ತು. ಅವರದೇ 2010ರ ಪ್ರಬಂಧ ಇನ್ನೂ ದಿಟ್ಟವಾದದ್ದು. ಕಿಣ್ವವನ್ನು ತಡೆಯುವ ಔಷಧವನ್ನು ಅಲ್ಲಿಗೇ ಹರಿಸಿದಾಗ ಹಕ್ಕಿ ಹಾಡಿಗೆ ಎಂದಿನಂತೆ ಪ್ರತಿಕ್ರಿಯಿಸಲಿಲ್ಲ. ನರಕೋಶಗಳ ಮಿಡಿತವೂ ಬೇಗನೆ ಬದಲಾಯಿತು. ಔಷಧದಿಂದ ಮಿದುಳೇ ಮಂಕಾಗಿರಬಹುದಲ್ಲವೇ ಎಂದು ನೀವು ಕೇಳಬಹುದು. ಹಾಗಾಗಿದ್ದರೆ ಎಲ್ಲ ಶಬ್ದಗಳಿಗೂ ಮಿಡಿತ ಬದಲಾಗಬೇಕಿತ್ತು. ಬದಲಾದದ್ದು ಹಾಡಿಗೆ ಮಾತ್ರ. ಈ ಹೋಲಿಕೆಯೇ ಪ್ರಬಂಧದ ಜೀವಾಳ.

ಬೇರೊಂದು ಪ್ರಯೋಗಾಲಯದ ಬೆಂಬಲವೂ ಇದಕ್ಕಿದೆ. ಉತ್ತರ ಅಮೆರಿಕದ ಬಿಳಿಗಂಟಲ ಗುಬ್ಬಿಯ ಹೆಣ್ಣುಗಳಿಗೆ ಈಸ್ಟ್ರಡೈಯಾಲ್ ಕೊಟ್ಟಾಗ ಮಾತ್ರ ಅವುಗಳ ಮಿದುಳು ಹಾಡಿಗೂ ಬರಿಯ ನಾದಕ್ಕೂ ಭೇದ ತೋರಿತೆಂದು ಡಾನಾ ಮೇನಿ ತಂಡ 2006ರಲ್ಲೇ ವರದಿ ಮಾಡಿತ್ತು. ಆದರೆ ಅಲ್ಲಿ ಹಾರ್ಮೋನಿಗೆ ದಿನಗಟ್ಟಲೆ ಕಾಲಾವಕಾಶವಿತ್ತು. ಅದು ಹಳೆಯ, ನಿಧಾನದ ದಾರಿಯೂ ಆಗಿರಬಹುದು.

ನನ್ನ ತಕರಾರು 2010ರ ಪ್ರಬಂಧದ ಕೊನೆಯ ಹೆಜ್ಜೆಯ ಬಗ್ಗೆ. ಈಸ್ಟ್ರೊಜೆನ್ ಕುಂದಿದಾಗ ಮನುಷ್ಯರಲ್ಲಿ ಕಾಣುವ ಪದಸ್ಮರಣೆಯ ನಷ್ಟಕ್ಕೂ ಮಿದುಳಿನಲ್ಲಿ ಕ್ಷಣಕ್ಷಣಕ್ಕೂ ನಡೆಯುವ ಈ ಕ್ರಿಯೆ ತಪ್ಪುವುದು ಕಾರಣವಿರಬಹುದು ಎನ್ನುತ್ತಾರೆ ಲೇಖಕರು. 'ಇರಬಹುದು' ಎಂಬ ಎಚ್ಚರ ಅಲ್ಲಿದೆ, ನಿಜ. ಆದರೂ ಜೀಬ್ರಾ ಫಿಂಚ್ ಹಾಡಿನ ಒಂದು ಪಲುಕು ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ; ಹಾರ್ಮೋನಿನ ಸಹಜ ಏರಿಕೆಯನ್ನು ಅಳೆದದ್ದು ಅರ್ಧ ಗಂಟೆಯ ಮಾದರಿಗಳಲ್ಲಿ. ಔಷಧ ಹರಿಸಿದಾಗ ಮಿಡಿತ ಬೇಗ ಬದಲಾಯಿತೆಂದ ಮಾತ್ರಕ್ಕೆ ಹಾಡಿನ ವೇಗದಲ್ಲೇ ಹಾರ್ಮೋನು ಏರಿಳಿಯುತ್ತದೆ ಎಂದಾಗುವುದಿಲ್ಲ. ಇನ್ನೊಂದು ಮಾತು: ಹಕ್ಕಿಯಲ್ಲಿ ತಡೆದದ್ದು ಮಿದುಳು ತಾನೇ ತಯಾರಿಸುವ ಈಸ್ಟ್ರೊಜೆನನ್ನು. ಋತುಬಂಧದಲ್ಲಿ ಬತ್ತುವುದು ಅಂಡಾಶಯದ ಪೂರೈಕೆ.